ಮತದಲ್ಲಿ ಸೋತ ಮಾತು ಎಲ್ಲಿಗೆ ಹೋಗುತ್ತದೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ‘ವಿರೋಧ ಪಕ್ಷದ ಸದಸ್ಯರು ಸದನದಲ್ಲಿ ಆಡಿದ ಮಾತನ್ನು ಪೂರ್ತಿ ಓದಿ, ಟಿವಿಯಲ್ಲಿ ಬರುವ ಅರ್ಧ ನಿಮಿಷ ನೋಡಿ ತೀರ್ಮಾನಕ್ಕೆ ಬರಬೇಡಿ’ ಎಂದು ಬರೆದಿದ್ದೆ. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ ಇವೆ. ಹೊಸ ಓದುಗರಿಗಾಗಿ ಹೇಳುತ್ತೇನೆ: ನಾನು ವಿಧಾನಸೌಧದಲ್ಲಿ ಸದನದ ವರದಿಗಾರ್ತಿಯಾಗಿದ್ದು ನಿವೃತ್ತಳಾದವಳು. ಪತ್ರಿಕೆಯ ವರದಿಗಾರ್ತಿ ಅಲ್ಲ. ಸದನದ ನಡುವಿನ ಮೇಜಿನ ಬಳಿ ಕೂತು, ಸದಸ್ಯರ ಮಾತನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡು, ಆಮೇಲೆ ಅದನ್ನು ನಡವಳಿಗೆ, ಅಂದರೆ ಸದನದ ಅಧಿಕೃತ ದಾಖಲೆಗೆ, ಸಿದ್ಧ ಮಾಡುವ ಕೆಲಸ ನಮ್ಮದು. ಯಾವ ಪಕ್ಷದವರು ಆಡಿದರೂ ನಮ್ಮ ಪೆನ್ಸಿಲ್ಲಿಗೆ ಒಂದೇ.

ವಿರೋಧ ಪಕ್ಷದ ಸದಸ್ಯರೊಬ್ಬರು ಅಂಕಿ ಅಂಶ ಇಟ್ಟುಕೊಂಡು ಚೆನ್ನಾಗಿ ಮಾತಾಡುತ್ತಾರೆ. ಕೊನೆಗೆ ಧ್ವನಿಮತದಲ್ಲಿ ಮಸೂದೆ ಪಾಸಾಗುತ್ತದೆ. ಹಾಗಿದ್ದ ಮೇಲೆ ಅವರ ತಿಳುವಳಿಕೆಯಿಂದ ಯಾರಿಗೆ ಏನು ಸಿಕ್ಕಿತು ಮೇಡಂ?
— ಎಂ.ಎ. ವಿದ್ಯಾರ್ಥಿನಿ, ಮಲ್ಲೇಶ್ವರ

ನೋಡಮ್ಮ, ಮೊದಲು ಒಂದು ಹಳೆಯ ಚರ್ಚೆಯ ವಿಷಯ ಹೇಳುತ್ತೇನೆ. 1963ರ ಆಗಸ್ಟ್. ಲೋಕಸಭೆಯಲ್ಲಿ ಮೊಟ್ಟಮೊದಲ ಅವಿಶ್ವಾಸ ನಿರ್ಣಯ ಬಂದಿತ್ತು. ಮಂಡಿಸಿದವರು ಆಚಾರ್ಯ ಕೃಪಲಾನಿ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅದೇ ವರ್ಷ ಫರೂಕಾಬಾದಿನ ಉಪಚುನಾವಣೆಯಲ್ಲಿ ಗೆದ್ದು ಸದನಕ್ಕೆ ಬಂದಿದ್ದರು. ಅವರು ಎದ್ದು ನಿಂತು, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದರು. ಆಗ ದೇಶದ ಜನಸಂಖ್ಯೆಯೇ ಸುಮಾರು 44 ಕೋಟಿ. ಮೂರಾಣೆ ಅಂದರೆ ಹತ್ತೊಂಬತ್ತು ಪೈಸೆಗೂ ಸ್ವಲ್ಪ ಕಮ್ಮಿ. ಪ್ರಧಾನಿ ನೆಹರೂ ಒಪ್ಪಲಿಲ್ಲ. ಮೂರಾಣೆ ಅಲ್ಲ, ಹದಿನೈದಾಣೆ ಎಂದರು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಹದಿನೈದಾಣೆ ಎಂಬ ಲೆಕ್ಕ ಸುಮ್ನೆ ಹುಟ್ಟಿದ್ದಲ್ಲ. ಆಗಿನ ತಲಾ ಆದಾಯ ವರ್ಷಕ್ಕೆ ಮುನ್ನೂರು ಚಿಲ್ಲರೆ ರೂಪಾಯಿ. ಅದನ್ನು 365 ದಿನಕ್ಕೆ ಹಂಚಿದರೆ ಹೆಚ್ಚು ಕಡಿಮೆ ಅಷ್ಟೇ ಬರುತ್ತದೆ. ಆದರೆ ಅದು ಸರಾಸರಿ. ಗಿರಣಿ ಮಾಲೀಕನ ಆದಾಯವೂ ಅದರಲ್ಲಿದೆ, ಕೂಲಿಯವನದ್ದೂ ಇದೆ. ಲೋಹಿಯಾ ಕೇಳಿದ್ದು ಬೇರೆ. ಮೇಲಿನವರನ್ನು ಬಿಟ್ಟು ಕೆಳಗಿನ ನೂರಕ್ಕೆ ಅರವತ್ತು ಜನರನ್ನು ಮಾತ್ರ ತೆಗೆದುಕೊಂಡರೆ ಅವರ ಕೈಯಲ್ಲಿ ಎಷ್ಟಿದೆ? ಬರೀ ಕೋಪದಿಂದ ಇಂಥ ಪ್ರಶ್ನೆ ಬರುವುದಿಲ್ಲ. ರಾಷ್ಟ್ರೀಯ ಆದಾಯದ ಲೆಕ್ಕ ಹೇಗೆ ಕಟ್ಟುತ್ತಾರೆ, ಅದರಲ್ಲಿ ಏನು ಕಾಣುತ್ತದೆ, ಏನು ಮರೆಯಾಗುತ್ತದೆ ಎಂದು ಗೊತ್ತಿದ್ದವರು ಮಾತ್ರ ಕೇಳಬಲ್ಲ ಪ್ರಶ್ನೆ ಅದು. ಲೋಹಿಯಾ ಬರ್ಲಿನ್‌ನಲ್ಲಿ ಡಾಕ್ಟರೇಟ್ ಮಾಡಿದವರು. ಆದರೂ ಆಣೆ ಲೆಕ್ಕದಲ್ಲೇ ಮಾತಾಡಿದರು. 1957ರಲ್ಲಿ ದಶಮಾಂಶ ನಾಣ್ಯ ಬಂದಿದ್ದರೂ ಸಂತೆಯಲ್ಲಿ ಜನ ಇನ್ನೂ ಆಣೆಯಲ್ಲೇ ಎಣಿಸುತ್ತಿದ್ದರು ಅಲ್ವಾ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಆ ನಿರ್ಣಯ ಏನಾಯಿತು? ಪರವಾಗಿ 62, ವಿರುದ್ಧ 347. ಹೀನಾಯ ಸೋಲು. ಆದರೆ ‘ಬಡವನ ದಿನದ ಖರ್ಚು ಎಷ್ಟು’ ಎಂಬ ಪ್ರಶ್ನೆ ಸದನದ ಬಾಗಿಲು ದಾಟಿ ಹೊರಗೆ ಬಂತು. ಯೋಜನಾ ಆಯೋಗದ ತಜ್ಞರ ಗುಂಪೊಂದು 1962ರಲ್ಲೇ ಒಬ್ಬ ಮನುಷ್ಯನಿಗೆ ತಿಂಗಳಿಗೆ ಕನಿಷ್ಠ 20 ರೂಪಾಯಿ ಬೇಕು ಎಂದು ಹೇಳಿತ್ತು. ಅದು ತಜ್ಞರ ನಡುವೆಯೇ ಉಳಿದಿದ್ದ ಮಾತು. ಲೋಹಿಯಾ ಮಾತಾಡಿದ ಮೇಲೆ ‘ಮೂರಾಣೆ ಚರ್ಚೆ’ ಎಂದು ಊರೂರಲ್ಲಿ ಜನ ಆಡಿಕೊಂಡರು. 1971ರಲ್ಲಿ ಅರ್ಥಶಾಸ್ತ್ರಜ್ಞರಾದ ದಾಂಡೇಕರ್ ಮತ್ತು ರಥ್ ಪುಣೆಯಲ್ಲಿ ಕೂತು ದೇಶದ ಬಡತನ ಅಳೆದರು. ಬಡತನದ ರೇಖೆ ಎಲ್ಲಿ ಎಳೆಯಬೇಕು ಎಂದು ಇವತ್ತಿಗೂ ಜಗಳ ನಡೆಯುತ್ತಲೇ ಇದೆ. 347 ಮತಕ್ಕೆ ಈ ಪ್ರಶ್ನೆಯನ್ನು ಮುಚ್ಚಿಹಾಕಲು ಆಗಲಿಲ್ಲ.

ಇದು ದೊಡ್ಡವರ ದೊಡ್ಡ ಚರ್ಚೆ ಆಯಿತು. ನಾನು ಕಣ್ಣಾರೆ ಕಂಡ ಸಣ್ಣದೊಂದನ್ನು ಹೇಳುತ್ತೇನೆ. ಹೆಸರು ಬೇಡ. ನಮ್ಮ ವಿಧಾನಸಭೆಯಲ್ಲಿ ಪೂರಕ ಅಂದಾಜಿನ, ಅಂದರೆ ಬಜೆಟ್ ಆದ ಮೇಲೆ ಸರ್ಕಾರ ಕೇಳುವ ಹೆಚ್ಚುವರಿ ಹಣದ, ಚರ್ಚೆ ನಡೆಯುತ್ತಿತ್ತು. ಮಧ್ಯಾಹ್ನದ ಊಟ ಆದ ಹೊತ್ತು, ಸದನದಲ್ಲಿ ಅರ್ಧಕ್ಕರ್ಧ ಕುರ್ಚಿ ಖಾಲಿ. ವಿರೋಧ ಪಕ್ಷದ ಒಬ್ಬ ಹಿರಿಯರು ಎರಡು ವರ್ಷದ ಬಜೆಟ್ ಪುಸ್ತಕಗಳನ್ನು ಪಕ್ಕಪಕ್ಕ ತೆರೆದಿಟ್ಟುಕೊಂಡಿದ್ದರು. ಒಂದೇ ನೀರಾವರಿ ಕಾಮಗಾರಿಗೆ ಎರಡು ಬೇರೆ ಲೆಕ್ಕ ಶೀರ್ಷಿಕೆಗಳಲ್ಲಿ ದುಡ್ಡು ಇಟ್ಟಿರುವುದನ್ನು ಪುಟದ ಸಂಖ್ಯೆ ಸಮೇತ ತೋರಿಸಿದರು. ಕೂಗಲಿಲ್ಲ. ‘ಹಗರಣ’ ಎನ್ನಲಿಲ್ಲ. ಇದು ಎರಡು ಕಾಮಗಾರಿಯೋ, ಒಂದೇ ಕಾಮಗಾರಿಯೋ, ಮಂತ್ರಿಗಳು ಹೇಳಲಿ ಎಂದರು, ಅಷ್ಟೇ. ಮಂತ್ರಿಗಳು ಅಧಿಕಾರಿಗಳ ಗ್ಯಾಲರಿ ಕಡೆ ನೋಡಿದರು. ಒಂದು ಚೀಟಿ ಬಂತು. ‘ಪರಿಶೀಲಿಸಿ ಉತ್ತರ ಕೊಡುತ್ತೇನೆ’ ಎಂದರು. ಇವರು ಕೂರಲಿಲ್ಲ. ‘ಯಾವಾಗ?’ ಎಂದು ಕೇಳಿದರು. ‘ಈ ಅಧಿವೇಶನ ಮುಗಿಯುವುದರೊಳಗೆ’ ಎಂದು ಮಂತ್ರಿಗಳ ಬಾಯಿಂದ ಬರುವವರೆಗೂ ನಿಂತೇ ಇದ್ದರು. ಆಮೇಲೆ ಮತಕ್ಕೆ ಹಾಕಿದಾಗ ಆ ಹಣದ ಬೇಡಿಕೆ ಪಾಸಾಯಿತು. ಮಾರನೆಯ ದಿನದ ಪೇಪರಿನಲ್ಲಿ ಒಂದು ಸಾಲೂ ಇರಲಿಲ್ಲ.

ಆದರೆ ಮಂತ್ರಿಗಳ ಆ ಮಾತು ನಡವಳಿಗೆ ಬಿತ್ತು. ಹಾಗೆ ಬಿದ್ದ ಮಾತಿಗೆ ಒಂದು ಬಲ ಇದೆ. ಅದನ್ನು ‘ಭರವಸೆ’ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಲೋಕಸಭೆಯಲ್ಲಿ 1953ರಿಂದಲೇ ಸರ್ಕಾರದ ಭರವಸೆಗಳ ಸಮಿತಿ ಇದೆ. ಮಂತ್ರಿಗಳು ‘ಪರಿಶೀಲಿಸುತ್ತೇನೆ’, ‘ಮಾಹಿತಿ ತರಿಸಿಕೊಡುತ್ತೇನೆ’, ‘ವಿಷಯ ಸರ್ಕಾರದ ಮುಂದಿದೆ’ ಎಂದರೆ ಅವು ಭರವಸೆಗಳ ಪಟ್ಟಿಗೆ ಸೇರುತ್ತವೆ. ಅಲ್ಲಿ ಮೂರು ತಿಂಗಳೊಳಗೆ ಅದನ್ನು ಈಡೇರಿಸಬೇಕು, ಇಲ್ಲವೇ ಹೆಚ್ಚಿನ ಸಮಯ ಕೇಳಬೇಕು. ನಮ್ಮ ವಿಧಾನಮಂಡಲದಲ್ಲೂ ಇಂಥ ಸಮಿತಿ ಇದೆ. ವಿಷಯ ಬಲ್ಲ ಸದಸ್ಯರಿಗೂ ಬರೀ ಭಾಷಣಕಾರರಿಗೂ ನಾನು ಕಂಡ ದೊಡ್ಡ ವ್ಯತ್ಯಾಸ ಇದೇ. ಭಾಷಣಕಾರರು ಚಪ್ಪಾಳೆ ಬಿದ್ದ ಕೂಡಲೇ ಕೂರುತ್ತಾರೆ. ವಿಷಯ ಬಲ್ಲವರು ಮಂತ್ರಿಗಳ ಬಾಯಿಂದ ಒಂದು ವಾಕ್ಯ ಹೊರಡಿಸಿಕೊಂಡು ಕೂರುತ್ತಾರೆ. ಮುಂದಿನ ಅಧಿವೇಶನದಲ್ಲಿ ಅದೇ ವಾಕ್ಯ ಹಿಡಿದು ಮತ್ತೆ ಏಳುತ್ತಾರೆ.

ಇನ್ನೊಂದು ಉದಾಹರಣೆ ಕೊಟ್ಟು ಮುಗಿಸುತ್ತೇನೆ. ಡಿಎಂಕೆಯ ತಿರುಚ್ಚಿ ಶಿವಾ ರಾಜ್ಯಸಭೆಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರ (ಟ್ರಾನ್ಸ್‌ಜೆಂಡರ್ ಸಮುದಾಯದವರ) ಹಕ್ಕುಗಳ ಬಗ್ಗೆ ಖಾಸಗಿ ಮಸೂದೆ, ಅಂದರೆ ಮಂತ್ರಿಯಲ್ಲದ ಸದಸ್ಯರು ತರುವ ಮಸೂದೆ, ತಂದರು. ಅದಕ್ಕೂ ಮೊದಲು, 2014ರ ಏಪ್ರಿಲ್‌ನಲ್ಲಿ, ಸುಪ್ರೀಂ ಕೋರ್ಟ್ ಈ ಸಮುದಾಯದವರ ಹಕ್ಕು ಎತ್ತಿಹಿಡಿದಿತ್ತು. 2015ರ ಏಪ್ರಿಲ್ 24ರಂದು ಶಿವಾ ಅವರ ಮಸೂದೆಗೆ ರಾಜ್ಯಸಭೆ ಒಪ್ಪಿಗೆ ಕೊಟ್ಟಿತು. ಅವರ ಪಕ್ಷ ಆಗ ವಿರೋಧದಲ್ಲಿತ್ತು. 1970ರ ನಂತರ ಸಂಸತ್ತಿನಲ್ಲಿ ಖಾಸಗಿ ಸದಸ್ಯರ ಒಂದೇ ಒಂದು ಮಸೂದೆಯೂ ಕಾನೂನಾಗಿಲ್ಲ. ಇದೂ ಲೋಕಸಭೆ ದಾಟಲಿಲ್ಲ. ಆದರೆ ಸರ್ಕಾರ ತಾನೇ ಒಂದು ಮಸೂದೆ ತರಬೇಕಾಯಿತು, 2019ರಲ್ಲಿ ಕಾನೂನೂ ಆಯಿತು. ಶಿವಾ ಅವರ ಮಸೂದೆಯಲ್ಲಿದ್ದಷ್ಟು ಈ ಕಾನೂನಿನಲ್ಲಿ ಇಲ್ಲ ಎಂದು ಆ ಸಮುದಾಯದವರೇ ಬೀದಿಗಿಳಿದರು. ಅವರ ನೋವು ನ್ಯಾಯವಾದದ್ದು ಎಂದೇ ನನಗೆ ಅನಿಸುತ್ತದೆ. ಆದರೆ ‘ಇದಕ್ಕಿಂತ ಒಳ್ಳೆಯದು ಸಾಧ್ಯವಿತ್ತು’ ಎಂದು ತೋರಿಸಲು ಅವರ ಕೈಯಲ್ಲಿ ಒಂದು ಮಸೂದೆ ಇತ್ತಲ್ಲ, ಅದನ್ನು ಬರೆದವರು ವಿರೋಧ ಪಕ್ಷದ ಒಬ್ಬ ಸದಸ್ಯರು.

ಸದಸ್ಯರಿಗೆ ನಿಜವಾಗಿ ವಿಷಯ ಗೊತ್ತಿದೆಯೋ, ಯಾರೋ ಬರೆದುಕೊಟ್ಟದ್ದನ್ನು ಓದುತ್ತಿದ್ದಾರೋ, ಗುರುತಿಸುವುದು ಹೇಗೆ?
— ನಿವೃತ್ತ ಬ್ಯಾಂಕ್ ನೌಕರರು, ಜಯನಗರ

ಮೊದಲ ಭಾಷಣದಲ್ಲಿ ಗೊತ್ತಾಗುವುದಿಲ್ಲ. ಅದನ್ನು ಯಾರು ಬೇಕಾದರೂ ಬರೆದುಕೊಡಬಹುದು. ಬರೆದುಕೊಡುವುದು ತಪ್ಪೂ ಅಲ್ಲ. ದೆಹಲಿಯಲ್ಲಿ ಸಂಸದರ ಜೊತೆ ಸುಮಾರು ಒಂದು ವರ್ಷ ಕೂತು ಸಂಶೋಧನೆ ಮಾಡಿಕೊಡುವ ಯುವಕ ಯುವತಿಯರು ಇದ್ದಾರೆ. ಪಿಆರ್‌ಎಸ್ ಎಂಬ ಸಂಸ್ಥೆ 2010ರಿಂದ ಈ ಫೆಲೋಶಿಪ್ ನಡೆಸುತ್ತಿದೆ. ನಮ್ಮ ಶಾಸಕರಿಗೂ ಇಂಥದ್ದೊಂದು ಬೇಕು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಗೊತ್ತಾಗುವುದು ಯಾರಾದರೂ ನಡುವೆ ಎದ್ದು ಅಡ್ಡಪ್ರಶ್ನೆ ಹಾಕಿದಾಗ. ಓದುವವರು ಗಲಿಬಿಲಿಯಾಗಿ ಮತ್ತೆ ಹಾಳೆಯ ಮೊದಲಿಗೆ ಹೋಗುತ್ತಾರೆ. ಬಲ್ಲವರು ಹಾಳೆ ಕೆಳಗಿಟ್ಟು ಉತ್ತರ ಕೊಡುತ್ತಾರೆ. ಶೀಘ್ರಲಿಪಿ ಬರೆಯುವವರಿಗೆ ಇದು ಬೇಗ ತಿಳಿಯುತ್ತದೆ, ಯಾಕೆಂದರೆ ಮಾತಿನ ವೇಗವೇ ಬದಲಾಗುತ್ತದೆ. ಓದುವಾಗ ಓಡುತ್ತದೆ, ಯೋಚಿಸಿ ಆಡುವಾಗ ನಿಧಾನವಾಗುತ್ತದೆ.

ಇನ್ನೊಂದು ಜಾಗ ಇದೆ, ನೀವು ಬ್ಯಾಂಕಿನಲ್ಲಿದ್ದವರು, ನಿಮಗೆ ಇಷ್ಟವಾಗಬಹುದು. ಖರ್ಚು ತರುವ ಮಸೂದೆಯ ಕೊನೆಯಲ್ಲಿ ಒಂದು ಹಣಕಾಸು ಟಿಪ್ಪಣಿ ಇರುತ್ತದೆ. ಈ ಕಾನೂನು ಬಂದರೆ ಖಜಾನೆಗೆ ಎಷ್ಟು ಖರ್ಚು ಎಂದು ಅದರಲ್ಲಿ ಹೇಳಬೇಕು. ಕೆಲವು ಸಲ ಹೊಸ ಪ್ರಾಧಿಕಾರವನ್ನೇ ಕಟ್ಟುವ ಮಸೂದೆಯಲ್ಲೂ ‘ಹೆಚ್ಚುವರಿ ವೆಚ್ಚ ಇಲ್ಲ’ ಎಂದು ಬರೆದಿರುತ್ತಾರೆ. ಹಾಗಾದರೆ ಕಚೇರಿ ಎಲ್ಲಿ, ಸಿಬ್ಬಂದಿಗೆ ಸಂಬಳ ಎಲ್ಲಿಂದ? ಈ ಟಿಪ್ಪಣಿ ಓದಿ ಬಂದ ಸದಸ್ಯರನ್ನು ಕಂಡರೆ ನನಗೆ ಗೌರವ. ಹಾಗೆಯೇ ‘ನಿಯಮಗಳಲ್ಲಿ ಗೊತ್ತುಪಡಿಸಿದಂತೆ’ ಎಂದು ಮಸೂದೆಯ ಯಾವ ಯಾವ ಖಂಡದಲ್ಲಿ ಬರೆದಿದೆ ಎಂದು ಲೆಕ್ಕ ಹಾಕಿಕೊಂಡು ಬರುವವರೂ ಇದ್ದಾರೆ. ನಿಯಮ ಮಾಡುವುದು ಆಮೇಲೆ, ಇಲಾಖೆಯ ಕೋಣೆಯಲ್ಲಿ. ಶುಲ್ಕ ಎಷ್ಟು, ಅರ್ಹತೆ ಏನು, ಮೇಲ್ಮನವಿ ಯಾರಿಗೆ, ಇವೆಲ್ಲ ನಿಯಮಕ್ಕೆ ಬಿಟ್ಟರೆ ಸದನ ಒಪ್ಪಿದ್ದಾದರೂ ಏನನ್ನು? ಒಳ್ಳೆಯ ವಿರೋಧ ಪಕ್ಷದ ಸದಸ್ಯರು ಕೇಳಬೇಕಾದ ಮೊದಲ ಪ್ರಶ್ನೆ ಇದು.

ಕೊನೆಯದಾಗಿ, ಪೂರ್ತಿ ವಿರೋಧಿಸುವವರನ್ನು ನಾನು ಬೇಗ ನಂಬುವುದಿಲ್ಲ. ‘ಖಂಡ 4 ಸರಿಯಿದೆ, ಸ್ವಾಗತ. ಖಂಡ 7ಕ್ಕೆ ನನ್ನ ತಿದ್ದುಪಡಿ ಇದೆ’ ಎನ್ನುವವರು ಮಸೂದೆ ಓದಿದ್ದಾರೆ ಎಂದೇ ಅರ್ಥ.

ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ್ದು ನಿಜವೇ? ಅದು ಬರೀ ಭಾಷಾಭಿಮಾನವೇ, ಅದರಿಂದ ಬೇರೆ ಉಪಯೋಗ ಇತ್ತೇ?
— ಆಟೋ ಚಾಲಕರು, ಹನುಮಂತನಗರ

ನಿಜ. 1967ರಲ್ಲಿ ಶಿವಮೊಗ್ಗದಿಂದ ಸಂಯುಕ್ತ ಸೋಷಲಿಸ್ಟ್ ಪಕ್ಷದಿಂದ ಗೆದ್ದು ಹೋಗಿದ್ದರು. ಆಗ ಸ್ಪೀಕರ್ ನೀಲಂ ಸಂಜೀವ ರೆಡ್ಡಿ. ಸಂವಿಧಾನದ 120ನೇ ವಿಧಿ ಪ್ರಕಾರ ಹಿಂದಿ, ಇಂಗ್ಲಿಷಿನಲ್ಲಿ ಸರಿಯಾಗಿ ಮಾತಾಡಲು ಬಾರದ ಸದಸ್ಯರಿಗೆ ತಾಯ್ನುಡಿಯಲ್ಲಿ ಮಾತಾಡಲು ಸಭಾಧ್ಯಕ್ಷರು ಅವಕಾಶ ಕೊಡಬಹುದು. ಪಟೇಲರಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು. ಅವರು ಕೇಳಿದ್ದು ತಮಗಾಗಿ ಅಲ್ಲ.

ಉಪಯೋಗ ಇತ್ತು ಅಣ್ಣಾ. ತೆಂಗಿನ ತೋಟದ ರೋಗ, ಸಣ್ಣ ಹಿಡುವಳಿಯ ಸಾಲ, ಕಾಡಂಚಿನ ಊರಿನ ಕಷ್ಟ, ಇವನ್ನು ಚೆನ್ನಾಗಿ ಬಲ್ಲ ಎಷ್ಟೋ ಮಂದಿ ಇಂಗ್ಲಿಷ್ ಬಾರದು ಎಂಬ ಒಂದೇ ಕಾರಣಕ್ಕೆ ಅಲ್ಲಿ ಸುಮ್ಮನೆ ಕೂರುತ್ತಿದ್ದರು. ಮಾತು ಕಟ್ಟಿದರೆ ತಿಳುವಳಿಕೆಯೂ ಒಳಗೇ ಉಳಿಯುತ್ತದೆ. ನಮ್ಮ ವಿಧಾನಸೌಧದಲ್ಲೇ ಕಂಡಿದ್ದೇನೆ. ಇಂಗ್ಲಿಷಿನಲ್ಲಿದ್ದ ಮಸೂದೆಯ ಬಗ್ಗೆ ಹಿಂಜರಿಯುತ್ತಿದ್ದ ಸದಸ್ಯರು ಕನ್ನಡ ಪ್ರತಿ ಕೈಗೆ ಬಂದ ದಿನ ಒಂದೊಂದೇ ಖಂಡ ಹಿಡಿದು ಮಂತ್ರಿಗಳನ್ನು ನಿಲ್ಲಿಸಿಕೊಂಡಿದ್ದಾರೆ.

ಬಜೆಟ್ ಚರ್ಚೆಯಲ್ಲಿ ‘ಒಂದು ರೂಪಾಯಿಗೆ ಇಳಿಸಬೇಕು’ ಎಂಬ ಸೂಚನೆ ಕೊಟ್ಟರು ಎಂದು ಓದಿದೆ. ಸಾವಿರಾರು ಕೋಟಿಯ ಇಲಾಖೆಗೆ ಒಂದು ರೂಪಾಯಿ ಎಂದರೆ ಏನರ್ಥ?
— ಗೃಹಿಣಿ, ರಾಜಾಜಿನಗರ

ಒಂದು ರೂಪಾಯಿಯಲ್ಲಿ ಇಲಾಖೆ ನಡೆಸಿ ಎಂದಲ್ಲ. ‘ಈ ಬೇಡಿಕೆಯ ಹಿಂದಿನ ನೀತಿಯನ್ನೇ ನಾವು ಒಪ್ಪುವುದಿಲ್ಲ’ ಎಂದು ಹೇಳುವ ವಿಧಾನ ಅದು. ಸಂಸತ್ತಿನ ನಿಯಮದಲ್ಲಿ ಕಡಿತದ ಸೂಚನೆಗಳು ಮೂರು ಥರ. ನೀತಿ ಕಡಿತದಲ್ಲಿ ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಬೇಕು ಎನ್ನುತ್ತಾರೆ. ಮಿತವ್ಯಯ ಕಡಿತದಲ್ಲಿ ಇಂತಿಷ್ಟು ಮೊತ್ತ ಕಮ್ಮಿ ಮಾಡಿ ಎನ್ನುತ್ತಾರೆ. ಸಾಂಕೇತಿಕ ಕಡಿತದಲ್ಲಿ 100 ರೂಪಾಯಿ ಕಮ್ಮಿ ಮಾಡಿ ಎಂದು ಕೇಳಿ, ಒಂದು ನಿರ್ದಿಷ್ಟ ದೂರನ್ನು ಸದನದ ಮುಂದೆ ಇಡುತ್ತಾರೆ.

ಇವುಗಳಲ್ಲಿ ನನಗೆ ಮಿತವ್ಯಯ ಕಡಿತದ ಮೇಲೆ ಜಾಸ್ತಿ ಅಭಿಮಾನ. ಯಾಕೆಂದರೆ ಅದನ್ನು ಕೊಡುವವರು ‘ಇಷ್ಟು ಉಳಿಸಬಹುದು, ಇಲ್ಲಿ ಉಳಿಸಬಹುದು, ಕೆಲಸ ಕೆಡುವುದಿಲ್ಲ’ ಎಂದು ತೋರಿಸಬೇಕು. ಅದಕ್ಕೆ ಇಲಾಖೆಯ ಒಳಗಿನ ಲೆಕ್ಕ ಗೊತ್ತಿರಬೇಕು. ಒಂದು ರೂಪಾಯಿಯ ಸೂಚನೆಗೆ ಅಷ್ಟು ಓದು ಬೇಡ. ಈ ಸೂಚನೆಗಳು ಗೆಲ್ಲುವುದು ತೀರಾ ಅಪರೂಪ. ಗೆದ್ದರೆ ಸರ್ಕಾರಕ್ಕೆ ಬಹುಮತ ಇಲ್ಲ ಎಂದಾಗುತ್ತದೆ, ಅದಕ್ಕೆ ಆಡಳಿತ ಪಕ್ಷ ಬಿಡುವುದಿಲ್ಲ.

ಬೇಸರದ ಸಂಗತಿ ಬೇರೆ ಇದೆ. ಚರ್ಚೆಗೆ ಇಟ್ಟ ದಿನ ಮುಗಿದರೆ ಉಳಿದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕಿಬಿಡುತ್ತಾರೆ. ದೆಹಲಿಯಲ್ಲಿ ಅದನ್ನು ಗಿಲೋಟಿನ್ ಎನ್ನುತ್ತಾರೆ. ಇಲಾಖೆಗಳ ಸಾವಿರಾರು ಕೋಟಿ ಒಂದೂ ಮಾತಿಲ್ಲದೆ ಹೋಗುತ್ತದೆ. ಗಲಾಟೆಯಲ್ಲಿ ದಿನ ಕಳೆದರೆ ನಷ್ಟ ಯಾರಿಗೆ? ಓದಿಕೊಂಡು ಬಂದ ವಿರೋಧ ಪಕ್ಷದ ಸದಸ್ಯರಿಗೇ. ಸದನದ ಬಾವಿಗೆ ಇಳಿಯುವ ಮೊದಲು ಪಕ್ಷದ ಹಿರಿಯರು ತಮ್ಮಲ್ಲೇ ಇರುವ ಅಂಥವರನ್ನು ಒಂದು ಮಾತು ಕೇಳಬೇಕು.

ವಿರೋಧ ಪಕ್ಷದವರಿಗೆ ಸರ್ಕಾರದ ಕಡತ ನೋಡುವ ಅಧಿಕಾರ ಎಲ್ಲಾದರೂ ಇದೆಯೇ?
— ಕಾನೂನು ವಿದ್ಯಾರ್ಥಿ, ನಾಗರಬಾವಿ

ಸಾರ್ವಜನಿಕ ಲೆಕ್ಕಪತ್ರ ಸಮಿತಿಯಲ್ಲಿ ಇದೆ. ಸಂಸತ್ತಿನಲ್ಲಿ ಅದರ 22 ಸದಸ್ಯರಲ್ಲಿ 15 ಮಂದಿ ಲೋಕಸಭೆಯವರು, 7 ಮಂದಿ ರಾಜ್ಯಸಭೆಯವರು. ಮಂತ್ರಿಗಳು ಸದಸ್ಯರಾಗುವಂತಿಲ್ಲ. 1967ರಲ್ಲಿ ಸ್ವತಂತ್ರ ಪಕ್ಷದ ಮಿನೂ ಮಸಾನಿ ಅಧ್ಯಕ್ಷರಾದರು. ಅಲ್ಲಿಂದ ವಿರೋಧ ಪಕ್ಷದವರಿಗೇ ಆ ಸ್ಥಾನ ಕೊಡುವ ರೂಢಿ ಬಂತು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಎದುರಿಗಿಟ್ಟುಕೊಂಡು, ಇಲಾಖೆಯ ಕಾರ್ಯದರ್ಶಿಯನ್ನು ಕರೆಸಿ ಪ್ರಶ್ನೆ ಕೇಳುತ್ತಾರೆ. ಕ್ಯಾಮೆರಾ ಇಲ್ಲ, ಗ್ಯಾಲರಿ ಇಲ್ಲ. ಹಾಗಾಗಿ ಅಲ್ಲಿ ಪಕ್ಷ ಮರೆತು ಮಾತಾಡುವವರು ಜಾಸ್ತಿ.

ನಮ್ಮ ಬೆಂಗಳೂರಿನ ಭೂ ಒತ್ತುವರಿಯ ಬಗ್ಗೆ ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಜಂಟಿ ಸದನ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ಅದು ಲೆಕ್ಕಪತ್ರ ಸಮಿತಿ ಅಲ್ಲ, ಬೇರೆ ಸಮಿತಿ. ಆದರೆ ಸಮಿತಿ ಕೆಲಸ ಹೇಗಿರಬೇಕು ಎಂದು ತಿಳಿಯಲು ಆ ವರದಿ ಹುಡುಕಿ ಓದಿ.

ವಿಪ್ ಇರುವಾಗ ಸದಸ್ಯರ ಸ್ವಂತ ತಿಳುವಳಿಕೆಗೆ ಬೆಲೆ ಎಲ್ಲಿದೆ?
— ಓದುಗರೊಬ್ಬರು, ಬನಶಂಕರಿ

ಪಕ್ಷಾಂತರ ತಡೆಯಲು 1985ರಲ್ಲಿ ಬಂದ ಸಂವಿಧಾನದ 52ನೇ ತಿದ್ದುಪಡಿಯ ನಂತರ ಮತ ಹಾಕುವುದಕ್ಕೆ ಮಾತ್ರ ವಿಪ್, ಅಂದರೆ ಪಕ್ಷದ ಆದೇಶ, ಬಿಗಿ. ಮಾತಿಗಲ್ಲ. ಪ್ರಶ್ನೆ ಕೇಳಲು, ತಿದ್ದುಪಡಿ ಸೂಚಿಸಲು, ಸಮಿತಿಯಲ್ಲಿ ಭಿನ್ನ ಟಿಪ್ಪಣಿ ಬರೆಯಲು ಅಡ್ಡಿ ಇಲ್ಲ. ಬಳಸಿಕೊಳ್ಳುವವರು ಕಮ್ಮಿ ಎಂಬುದು ನಿಜ.

ಶಾಂತವೇರಿ ಗೋಪಾಲಗೌಡರ ಬಗ್ಗೆ ಮಕ್ಕಳಿಗೆ ಹೇಳುವಾಗ ‘ಅವರು ಯಾವ ಖಾತೆಯ ಮಂತ್ರಿಯಾಗಿದ್ದರು’ ಎಂದು ಕೇಳುತ್ತಾರೆ. ಮಂತ್ರಿಯೇ ಆಗಲಿಲ್ಲ ಎಂದರೆ ಆಸಕ್ತಿ ಕಳೆದುಕೊಳ್ಳುತ್ತಾರೆ. ಹೇಗೆ ಹೇಳಲಿ?
— ಪ್ರೌಢಶಾಲೆ ಶಿಕ್ಷಕಿ, ವಿಜಯನಗರ

ಟೀಚರ್, ಕಾಗೋಡಿನಿಂದ ಶುರು ಮಾಡಿ. ಮಕ್ಕಳಿಗೆ ಒಂದು ಕೊಳಗ ತೋರಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ ಜಗಳ ಎದ್ದಿತು. ಅಳತೆ ದೊಡ್ಡದಾದರೆ ಒಡೆಯನಿಗೆ ಲಾಭ, ಉಳುವವನ ಮನೆಗೆ ಅಷ್ಟು ಕಮ್ಮಿ. 1951ರಲ್ಲಿ ಅದು ಸತ್ಯಾಗ್ರಹವಾಯಿತು. ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಹನ್ನೆರಡು ವರ್ಷದ ಮೇಲೆ ಲೋಕಸಭೆಯಲ್ಲಿ ಮೂರಾಣೆಯ ಲೆಕ್ಕ ಇಟ್ಟವರು ಇವರೇ ಎಂದು ಮಕ್ಕಳಿಗೆ ಹೇಳಿ, ಎರಡೂ ಕೂಡಿಕೊಳ್ಳುತ್ತವೆ.

ಗೋಪಾಲಗೌಡರು ಆ ಹೋರಾಟದಿಂದ ಬಂದವರು. 1952ರಲ್ಲಿ ಸಾಗರ–ಹೊಸನಗರದಿಂದ ಗೆದ್ದು ವಿಧಾನಸಭೆಗೆ ಬಂದರು. ಮುಂದೆ ತೀರ್ಥಹಳ್ಳಿಯಿಂದ ಗೆದ್ದರು. ಗೇಣಿದಾರರ ಬಗ್ಗೆ ಮಾತಾಡುವಾಗ ಅವರಿಗೆ ಪುಸ್ತಕ ಬೇಕಿರಲಿಲ್ಲ. ಯಾವ ಮನೆಯಲ್ಲಿ ಎಷ್ಟು ಅಳೆದರು, ರಸೀದಿ ಕೊಟ್ಟರೋ ಇಲ್ಲವೋ, ಕಣದಲ್ಲಿ ನಿಂತು ನೋಡಿದವರು. ನೀತಿಯ ತಿಳುವಳಿಕೆ ಬರೀ ವಿಶ್ವವಿದ್ಯಾಲಯದಲ್ಲಿ ಹುಟ್ಟುತ್ತದೆ ಎಂದು ನಾನು ಒಪ್ಪುವುದಿಲ್ಲ. ಕಾನೂನಿನ ಒಂದು ಸಾಲು ಕಣದಲ್ಲಿ ಏನಾಗುತ್ತದೆ ಎಂದು ಹೇಳಬಲ್ಲವರು ಆ ಸದನಕ್ಕೆ ಬೇಕೇ ಬೇಕಿದ್ದರು.

ನಾನು ಕೆಲಸಕ್ಕೆ ಸೇರುವ ಎಷ್ಟೋ ಮೊದಲೇ ಅವರು ಹೋಗಿಬಿಟ್ಟಿದ್ದರು. ಆದರೆ ನಮ್ಮ ಶಾಖೆಯ ಹಿರಿಯರು ಹೊಸಬರಿಗೆ ಅಭ್ಯಾಸಕ್ಕೆಂದು ಹಳೆಯ ನಡವಳಿ ಸಂಪುಟ ಕೊಡುತ್ತಿದ್ದರು. ಅಲ್ಲಿ ಅವರ ಮಾತು ಓದುತ್ತಾ ಓದುತ್ತಾ ನಾನು ಅಭ್ಯಾಸ ಮರೆತು ಕೂತದ್ದುಂಟು. ಮಕ್ಕಳಿಗೆ ಇಷ್ಟು ಹೇಳಿ. ಅವರು ತೀರಿಕೊಂಡದ್ದು 1972ರ ಜೂನ್ 9ರಂದು. ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬೇಕು ಎಂದು ಅವರು ಹಿಡಿದ ಪಟ್ಟು 1973ರ ನವೆಂಬರ್ 1ಕ್ಕೆ ಈಡೇರಿತು. ಭೂಸುಧಾರಣೆಯ ದೊಡ್ಡ ತಿದ್ದುಪಡಿ ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಎರಡನ್ನೂ ಅವರು ನೋಡಲಿಲ್ಲ. ಎರಡಕ್ಕೂ ಸದನದಲ್ಲಿ ನೆಲ ಹದ ಮಾಡಿದವರಲ್ಲಿ ಅವರೂ ಒಬ್ಬರು. ಇದನ್ನು ಕೇಳಿ ಯಾವ ಮಗುವೂ ಆಸಕ್ತಿ ಕಳೆದುಕೊಳ್ಳುವುದಿಲ್ಲ.

ವಿರೋಧ ಪಕ್ಷದವರ ಪರಿಣತಿಯನ್ನು ಸರ್ಕಾರವೇ ಬಳಸಿಕೊಂಡದ್ದು ಉಂಟೇ?
— ಐಟಿ ಉದ್ಯೋಗಿ, ವೈಟ್‌ಫೀಲ್ಡ್

1994ರಲ್ಲಿ ಜಿನೀವಾದ ವಿಶ್ವಸಂಸ್ಥೆ ಮಾನವ ಹಕ್ಕುಗಳ ಆಯೋಗದಲ್ಲಿ ಕಾಶ್ಮೀರದ ವಿಷಯ ಬಂದಾಗ ಪ್ರಧಾನಿ ನರಸಿಂಹ ರಾವ್ ಭಾರತದ ನಿಯೋಗದ ಮುಂದಾಳಾಗಿ ಕಳಿಸಿದ್ದು ವಿರೋಧ ಪಕ್ಷದ ನಾಯಕ ವಾಜಪೇಯಿಯವರನ್ನು. ವಿದೇಶಾಂಗ ವಿಷಯದಲ್ಲಿ ಅವರ ದಶಕಗಳ ಭಾಷಣಗಳು ಎಲ್ಲರ ಮುಂದೆ ಇದ್ದವು. ಸದನದಲ್ಲಿ ತಮ್ಮನ್ನು ಟೀಕಿಸುವವರ ಮಾತನ್ನು ಕಿವಿಗೊಟ್ಟು ಕೇಳಿದ್ದ ಪ್ರಧಾನಿ ಮಾತ್ರ ಇಂಥ ನಿರ್ಧಾರ ತೆಗೆದುಕೊಳ್ಳಬಲ್ಲರು.

ನಮ್ಮ ಬಡಾವಣೆ ಪಕ್ಕದ ಕೆರೆ ಕೊಳಚೆಯಿಂದ ತುಂಬಿದೆ. ನಮ್ಮ ಶಾಸಕರು ಆಡಳಿತ ಪಕ್ಷದವರು, ಕೇಳಲು ಹಿಂಜರಿಯುತ್ತಾರೆ. ವಿರೋಧ ಪಕ್ಷದವರಿಂದ ಪ್ರಶ್ನೆ ಕೇಳಿಸಬಹುದೇ? ‘ನಮ್ಮ ಕೆರೆ ಯಾವಾಗ ಸರಿಹೋಗುತ್ತದೆ’ ಎಂದು ಬರೆದುಕೊಟ್ಟರೆ ಸಾಕೇ?
— ಓದುಗರು, ವರ್ತೂರು ಕಡೆಯಿಂದ

ಕೇಳಿಸಬಹುದು. ಯಾವ ಕ್ಷೇತ್ರದ ಸದಸ್ಯರು ಯಾವ ಊರಿನ ಬಗ್ಗೆ ಬೇಕಾದರೂ ಕೇಳಬಹುದು. ವಿಧಾನ ಪರಿಷತ್ತನ್ನು ಮರೆಯಬೇಡಿ. ಅದರ 75 ಸದಸ್ಯರಲ್ಲಿ 7 ಮಂದಿ ಪದವೀಧರ ಕ್ಷೇತ್ರದವರು, 7 ಮಂದಿ ಶಿಕ್ಷಕರ ಕ್ಷೇತ್ರದವರು. ಬೆಂಗಳೂರಿಗೆ ಎರಡೂ ಉಂಟು. ನಿಮ್ಮ ಬಡಾವಣೆಯ ಪದವೀಧರರು ಅವರ ಮತದಾರರು. ಅಲ್ಲಿ ಗಲಾಟೆ ಕಮ್ಮಿ, ಉಪಪ್ರಶ್ನೆಗೆ ಸಮಯ ಸಿಗುತ್ತದೆ.

ಆದರೆ ನೀವು ಬರೆದ ಹಾಗೆ ಕೇಳಿದರೆ ‘ಕ್ರಮ ಕೈಗೊಳ್ಳಲಾಗುತ್ತಿದೆ’ ಎಂಬ ಉತ್ತರ ಬರುತ್ತದೆ. ಕೆರೆ ಒಬ್ಬರ ಕೈಯಲ್ಲಿ, ಒಳಚರಂಡಿ ಜಲಮಂಡಳಿ ಕೈಯಲ್ಲಿ, ರಾಜಕಾಲುವೆ ಪಾಲಿಕೆ ಕೈಯಲ್ಲಿ. ಒಬ್ಬರು ಇನ್ನೊಬ್ಬರ ಕಡೆ ತೋರಿಸುತ್ತಾರೆ. ನಾನಾದರೆ ಹೀಗೆ ಬರೆದುಕೊಡುತ್ತಿದ್ದೆ:

(ಅ) ಈ ಕೆರೆಗೆ ಯಾವ ಯಾವ ರಾಜಕಾಲುವೆಗಳ ಮೂಲಕ ದಿನಕ್ಕೆ ಎಷ್ಟು ದಶಲಕ್ಷ ಲೀಟರ್ ಶುದ್ಧೀಕರಿಸದ ನೀರು ಸೇರುತ್ತಿದೆ?

(ಆ) ಈ ಭಾಗದ ಕೊಳಚೆ ನೀರು ಶುದ್ಧೀಕರಣ ಘಟಕದ ಸಾಮರ್ಥ್ಯ ಎಷ್ಟು? ಕಳೆದ ಮೂರು ವರ್ಷಗಳಲ್ಲಿ ತಿಂಗಳುವಾರು ಎಷ್ಟು ನೀರು ಶುದ್ಧೀಕರಿಸಲಾಗಿದೆ?

(ಇ) ಈ ಅವಧಿಯಲ್ಲಿ ಕೆರೆಗೆ ಯಾವ ಲೆಕ್ಕ ಶೀರ್ಷಿಕೆಯಲ್ಲಿ ಎಷ್ಟು ಹಣ ಬಿಡುಗಡೆಯಾಗಿದೆ, ಎಷ್ಟು ಖರ್ಚಾಗಿದೆ, ಉಳಿದ ಕಾಮಗಾರಿ ಯಾವ ದಿನಾಂಕಕ್ಕೆ ಮುಗಿಯುತ್ತದೆ?

ಚುಕ್ಕೆ ಗುರುತಿನ ಪ್ರಶ್ನೆಯಾಗಿ ಕೊಡಲು ಹೇಳಿ. ಆಗ ಮಂತ್ರಿಗಳು ಸದನದಲ್ಲೇ ಉತ್ತರಿಸಬೇಕು, ಉಪಪ್ರಶ್ನೆಯೂ ಕೇಳಬಹುದು. ಚುಕ್ಕೆ ಗುರುತಿಲ್ಲದಿದ್ದರೆ ಲಿಖಿತ ಉತ್ತರ ಮಾತ್ರ. ಜೊತೆಗೆ ನೀವು ತೆಗೆದ ಫೋಟೋ, ತಾರೀಕು, ಹಿಂದೆ ಕೊಟ್ಟ ಅರ್ಜಿಗಳ ಪ್ರತಿ ಎಲ್ಲ ಒಂದು ಫೈಲ್ ಮಾಡಿ ಸದಸ್ಯರಿಗೆ ಕೊಡಿ. ಮಂತ್ರಿಗಳು ‘ಘಟಕ ಚೆನ್ನಾಗಿ ನಡೆಯುತ್ತಿದೆ’ ಎಂದಾಗ ಅವರ ಕೈಯಲ್ಲಿ ಏನಾದರೂ ಇರಬೇಕಲ್ಲ.

ಅಧಿವೇಶನದ ದಿನಾಂಕ ಗೊತ್ತಾದ ಕೂಡಲೇ ಓಡಾಡಿ. ಪ್ರಶ್ನೆಯ ಸೂಚನೆಯನ್ನು ಮುಂಚಿತವಾಗಿ ಕೊಡಬೇಕು, ಕೊನೆ ಗಳಿಗೆಯಲ್ಲಿ ಆಗುವುದಿಲ್ಲ. ಉತ್ತರ ಬಂದರೆ ಒಂದು ಪ್ರತಿ ಪತ್ರಿಕೆಯ ವಿಳಾಸಕ್ಕೆ ನನಗೂ ಕಳಿಸಿ. (ಇ)ಯಲ್ಲಿ ದಿನಾಂಕ ಕೊಡದೆ ಬಿಟ್ಟಿದ್ದರೆ, ಮುಂದಿನ ಅಧಿವೇಶನಕ್ಕೆ ಅದೊಂದನ್ನೇ ಕೇಳುವ ಪ್ರಶ್ನೆ ಸೇರಿ ಬರೆಯೋಣ.